ನಂಬರು ಕೊಡುವವರು ಇಬ್ಬರು

ಮದುವೆಯಾಗಿ ಚಿಕ್ಕನಾಯಕನಹಳ್ಳಿಗೆ ಬಂದ ವನಜಾಳಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಹುಳಿಯಾರಿನ ಆಚೆ ಒಂದು ಹಟ್ಟಿಯಲ್ಲಿ ಹುಟ್ಟಿದವಳು. ಅಪ್ಪ ಕಾಟಯ್ಯ ಕುರಿ ಮೇಯಿಸುತ್ತಿದ್ದ, ಅವ್ವ ಚಿತ್ತಮ್ಮ ಮನೆ, ಮರಿಗಳು, ರಾಗಿ ಹೊಲ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದ ಹುಡುಗಿ ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿ ಟೈಪಿಂಗ್ ಕಲಿತಳು, ಅದರ ಹಿಂದೆಯೇ ಕಂಪ್ಯೂಟರ್ ಕಲಿತಳು. ಗಂಡ ರಂಗನಾಥನದು ಲಗೇಜ್ ಆಟೋ. ಹಳ್ಳಿಗಳಿಂದ ಕೊಬ್ಬರಿ ಮೂಟೆ ತುಂಬಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೊಡೆಯುತ್ತಿದ್ದ. ಹೆಂಡತಿಗೆ ಬರುವ ವಿದ್ಯೆ ಮನೆಯೊಳಗೆ ಕೊಳೆಯಬಾರದು ಎಂದು ಹೇಳಿ, ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಹುಡುಕಿ ಕೊಟ್ಟವನೂ ಅವನೇ.

ನೆಟ್ ಅಂಗಡಿ ಶುರುವಾದ ದಿನ ಕಾಟಯ್ಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದ. ಸಾಲಾಗಿ ಇಟ್ಟ ಕಂಪ್ಯೂಟರುಗಳನ್ನು ಒಂದೊಂದಾಗಿ ನೋಡಿ, ಇವಕ್ಕೆಲ್ಲ ಒಂದೇ ಕಡೆ ನೀರು ಕುಡಿಸುತ್ತೀಯಾ ಎಂದು ಕೇಳಿದ. ವನಜಾ ನಕ್ಕು, ಹೂಂ ಅಂದಳು. ಆಗಿನ್ನೂ ಟೆಲಿಫೋನಿಗೆ ಡಯಲ್ ಮಾಡಿ ನೆಟ್ ಹಿಡಿಯುವ ಕಾಲ. ಎರಡು ಸಾವಿರದ ಆರರ ಹೊತ್ತಿಗೆ ಊರಿಗೆ ಬ್ರಾಡ್‌ಬ್ಯಾಂಡ್ ಬಂತು. ಫೋನಿನ ತಂತಿ ಬಂದು ಮೋಡೆಮ್ ಎಂಬ ಪುಟ್ಟ ಡಬ್ಬಿಗೆ ಸೇರುವುದು, ಅಲ್ಲಿಂದ ಒಂದು ವೈರು ಸ್ವಿಚ್ ಎಂಬ ಇನ್ನೊಂದು ಡಬ್ಬಿಗೆ ಹೋಗಿ, ಆ ಡಬ್ಬಿಯಿಂದ ಎಲ್ಲ ಕಂಪ್ಯೂಟರುಗಳಿಗೂ ಕವಲು ಒಡೆಯುವುದು. ಪಕ್ಕದ ಫೋಟೋ ಸ್ಟುಡಿಯೋ ಗಂಗಾಧರ್ ತನಗೂ ಒಂದು ಕವಲು ಬೇಕೆಂದಾಗ ವನಜಾ ಗೋಡೆಯಲ್ಲಿ ತೂತು ಕೊರೆಸಿ ಕೊಟ್ಟಳು. ಇಬ್ಬರ ನಡುವೆ ಅಕ್ಕ ತಮ್ಮನ ಸಲುಗೆ. ಸ್ಟುಡಿಯೋಗೆ ಚಹಾ ಬಂದರೆ ಒಂದು ಲೋಟ ಈಚೆಗೂ ಬರುತ್ತಿತ್ತು.

ಮಳಿಗೆಯ ಮೇಲಿನ ಮನೆಯಲ್ಲಿ ಕಟ್ಟಡದ ಯಜಮಾನ ಶಿವಣ್ಣನೂ ಅವನ ಹೆಂಡತಿ ಚಿಕ್ಕಗೌರಮ್ಮನೂ ಇದ್ದರು. ಶಿವಣ್ಣನಿಗೆ ಊರಾಚೆ ತೆಂಗಿನ ತೋಟ. ಬೆಳಿಗ್ಗೆ ತಿಂಡಿ ತಿಂದು ತೋಟಕ್ಕೆ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಚಿಕ್ಕಗೌರಮ್ಮನಿಗೆ ಮಂಡಿನೋವು, ಮೆಟ್ಟಿಲು ಇಳಿಯುವುದು ಕಮ್ಮಿ. ಅಂಗಡಿ ಶುರುವಾದ ಹೊಸದರಲ್ಲಿ ವನಜಾ ಆಕೆಯನ್ನು, ಬನ್ನಿ ಗೌರಕ್ಕ, ನಿಮಗೂ ಕಲಿಸ್ತೀನಿ ಎಂದು ಕರೆದಿದ್ದಳು. ಆಕೆ ನಗಾಡಿ, ಸಾರಿಗೆ ಒಗ್ಗರಣೆ ಹಾಕೋಕೆ ಕಂಪ್ಯೂಟರ್ ಬೇಕೇನೇ ಎಂದುಬಿಟ್ಟಿದ್ದಳು.

ವನಜಾಳ ಗಿರಾಕಿಗಳಲ್ಲಿ ಅವಳಿಗೆ ಬಹಳ ಇಷ್ಟವಾದವಳು ಹಂದನಕೆರೆಯ ಕೆಂಪಕ್ಕ. ಕೆಂಪಕ್ಕನ ಮಗಳು ಭಾಗ್ಯಳ ಗಂಡ ಸೈನ್ಯದಲ್ಲಿದ್ದ. ಭಾಗ್ಯ ಬಾಣಂತನಕ್ಕೂ ಊರಿಗೆ ಬರಲಾಗದೆ ರಾಜಸ್ಥಾನದಲ್ಲೇ ಹೆತ್ತಿದ್ದಳು. ಭಾನುವಾರ ಬೆಳಿಗ್ಗೆ ಅವಳು ಅಲ್ಲೊಂದು ನೆಟ್ ಅಂಗಡಿಗೆ ಕೂಸನ್ನು ಎತ್ತಿಕೊಂಡು ಬರುವಳು, ಇಲ್ಲಿ ಕೆಂಪಕ್ಕ ತಲೆಗೆ ಎಣ್ಣೆ ಹಾಕಿ ಬಾಚಿ, ಮಡಿಕೆ ಮುರಿಯದ ಸೀರೆ ಉಟ್ಟು, ಕ್ಯಾಮೆರಾದ ಮುಂದೆ ಫೋಟೋಕ್ಕೆ ಕೂತ ಹಾಗೆ ಕೂರುವಳು. ಕೂಸು ಆಕಳಿಸಿದರೆ ಇಡೀ ಅಂಗಡಿಗೆ ವರದಿ ಒಪ್ಪಿಸುವಳು.

ತೊಂದರೆ ಶುರುವಾದದ್ದು ಎರಡು ಸಾವಿರದ ಎಂಟರ ಶ್ರಾವಣದಲ್ಲಿ. ಬೆಳಿಗ್ಗೆ ಅಂಗಡಿ ತೆರೆದಾಗ ಎಲ್ಲ ಕಂಪ್ಯೂಟರುಗಳಲ್ಲೂ ನೆಟ್ ಚೆನ್ನಾಗಿ ಬರುವುದು. ಸ್ವಲ್ಪ ಹೊತ್ತು ಕಳೆದ ಮೇಲೆ ಯಾವುದನ್ನಾದರೂ ಆರಿಸಿ ಹಾಕಿದರೆ ಅದಕ್ಕೆ ಮಾತ್ರ ನೆಟ್ ಇಲ್ಲ. ಪಕ್ಕದ್ದರಲ್ಲಿ ಬರುತ್ತಲೇ ಇರುವುದು. ವೈರು ಬದಲಾಯಿಸಿದರೂ ಅಷ್ಟೇ. ಮಧ್ಯಾಹ್ನ ಬುತ್ತಿ ಉಂಡು ಬಂದು ಮತ್ತೆ ಹಾಕಿ ನೋಡಿದರೆ ತನ್ನಷ್ಟಕ್ಕೆ ತಾನೇ ಸರಿಹೋಗಿರುವುದು. ಟೆಲಿಫೋನ್ ಎಕ್ಸ್‌ಚೇಂಜಿಗೆ ದೂರು ಕೊಟ್ಟಳು. ಲೈನ್‌ಮನ್ ಬಂದು ಮೋಡೆಮ್‌ಗೆ ನೇರವಾಗಿ ತನ್ನ ಸಾಧನ ಸಿಕ್ಕಿಸಿ ನೋಡಿದ. ಲೈನಿನಲ್ಲಿ ಏನೂ ತಪ್ಪಿಲ್ಲ, ಹಸಿರು ದೀಪ ಹತ್ತಿದೆ ಎಂದು ಹೇಳಿ ಹೋದ. ಅವನು ಹೇಳಿದ್ದು ನಿಜವೇ ಆಗಿತ್ತು.

ಹಾಗಾದರೆ ವೈರಸ್ ಇರಬೇಕು ಎಂದುಕೊಂಡು ವನಜಾ ಒಂದು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ತುಂಬಿದಳು. ಆ ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ನೆಟ್ ನೀರು ಹರಿದ ಹಾಗೆ ಬಂತು. ಗೆದ್ದೆ ಎಂದು ರಂಗನಾಥನಿಗೆ ಫೋನ್ ಮಾಡಿ ಹೇಳಿದಳು. ಮಾರನೇ ದಿನ ಹತ್ತು ಗಂಟೆಗೆ ಅದೇ ಕಂಪ್ಯೂಟರ್ ಮತ್ತೆ ಸತ್ಯಾಗ್ರಹ ಹೂಡಿತು. ಅರ್ಜಿ ತುಂಬಲು ಬಂದ ಹುಡುಗಿಯರು ಎದುರು ರಸ್ತೆಯ ಇನ್ನೊಂದು ಅಂಗಡಿಗೆ ನಡೆದರು. ವನಜಾಳಿಗೆ ಅವರು ಹೋದದ್ದಕ್ಕಿಂತ, ತನ್ನ ಕೈಯಲ್ಲೇ ಪಳಗಿದ ಯಂತ್ರ ತನ್ನ ಮಾತು ಕೇಳದ್ದು ಹೆಚ್ಚು ಉರಿಸಿತು.

ಆ ಭಾನುವಾರ ಕೆಂಪಕ್ಕ ಎಂದಿನಂತೆ ಬಂದಳು. ವನಜಾ ಕ್ಯಾಮೆರಾ ಇದ್ದ ಕಂಪ್ಯೂಟರನ್ನು ಹಾಕಿದಳು. ನೆಟ್ ಬರಲಿಲ್ಲ. ಆರಿಸಿ ಹಾಕಿದಳು, ವೈರು ಬಿಚ್ಚಿ ಸಿಕ್ಕಿಸಿದಳು. ಬೇರೆ ಕಂಪ್ಯೂಟರಿಗೆ ಕ್ಯಾಮೆರಾ ಕಿತ್ತು ಹಾಕಿದಳು. ಅದನ್ನೂ ಆಗ ತಾನೇ ಆರಿಸಿ ಹಾಕಿದ್ದರಿಂದ ಅಲ್ಲೂ ಅದೇ ಪಾಡು. ಅಲ್ಲಿ ರಾಜಸ್ಥಾನದಲ್ಲಿ ಭಾಗ್ಯ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿರುವುದು ಕಣ್ಣಿಗೆ ಕಟ್ಟಿದಂತೆ ಆಗುತ್ತಿತ್ತು. ಕೆಂಪಕ್ಕ ಬಹಳ ಹೊತ್ತು ಖಾಲಿ ಪರದೆಯನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಸೆರಗು ಸರಿಮಾಡಿಕೊಂಡು ಎದ್ದಳು.

"ಇರ್ಲಿ ಬುಡು ತಾಯಿ. ಕೂಸು ಮನಿಕ್ಕಂಡಿರ್ಬೈದು. ಮುಂದ್ಲ ವಾರ ಬತ್ತೀನಿ."

ಆ ಮಾತಿನಲ್ಲಿ ಒಂದಿಷ್ಟೂ ದೂರು ಇರಲಿಲ್ಲ. ಅದೇ ವನಜಾಳಿಗೆ ಚುಚ್ಚಿತು. ಕೆಂಪಕ್ಕ ಬಸ್ಸು ಹತ್ತಿದ ಮೇಲೆ ಅವಳು ಬಾಗಿಲು ಅರ್ಧ ಮುಚ್ಚಿ, ಇವತ್ತು ಇದರ ಬುಡ ಕಾಣದೆ ಏಳುವುದಿಲ್ಲ ಎಂದು ಕೂತಳು.

ನೆಟ್‌ಗೆ ಸೇರಬೇಕಾದರೆ ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಕಂಪ್ಯೂಟರ್ ಕಣ್ಣುಬಿಟ್ಟ ಕೂಡಲೇ ವೈರಿನೊಳಗೆ ನನಗೊಂದು ನಂಬರು ಕೊಡಿ ಎಂದು ಕೇಳುತ್ತದೆ. ಮೋಡೆಮ್ ಒಂದು ನಂಬರು ಕೊಟ್ಟು, ಹೊರಗೆ ಹೋಗುವ ದಾರಿ ನನ್ನ ಮೂಲಕ ಎಂದು ಹೇಳುತ್ತದೆ. ಇದೆಲ್ಲ ತಾನಾಗಿಯೇ ಆಗುವ ಕೆಲಸವಾದ್ದರಿಂದ ಅವಳು ಎಂದೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಈಗ ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ಆಜ್ಞೆ ಬರೆದು ನಂಬರು ನೋಡಿದಳು. ನೆಟ್ ಬರುತ್ತಿದ್ದ ಕಂಪ್ಯೂಟರಿನಲ್ಲೂ ನೋಡಿದಳು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಚುಕ್ಕಿ ಇಟ್ಟು ಬಿಡಿಸಿದ ಆ ನಂಬರಿನ ಮೂರನೇ ತುಂಡಿನಲ್ಲಿ, ನೆಟ್ ಇದ್ದ ಕಡೆ ‘ಒಂದು’ ಇದ್ದರೆ, ನೆಟ್ ಇಲ್ಲದ ಕಡೆ ಸೊನ್ನೆ ಇತ್ತು. ದಾರಿ ತೋರಿಸುವ ಡಬ್ಬಿಯ ನಂಬರೂ ಬೇರೆ. ಅವಳ ಮೋಡೆಮ್ ಸೊನ್ನೆಯ ನಂಬರನ್ನು ಎಂದೂ ಕೊಟ್ಟದ್ದಲ್ಲ. ಅಂದರೆ ಇದೇ ವೈರುಗಳ ಜಾಲದಲ್ಲಿ ಇನ್ನಾರೋ ಕೂತು ನಂಬರು ಹಂಚುತ್ತಿದ್ದಾರೆ, ಮೋಡೆಮ್‌ಗಿಂತ ಮೊದಲೇ ಉತ್ತರ ಕೊಡುತ್ತಿದ್ದಾರೆ, ಅವರ ಡಬ್ಬಿಯಿಂದ ಹೊರಗೆ ಮಾತ್ರ ದಾರಿ ಇಲ್ಲ.

ಇನ್ನಾರೋ ಎಂದ ಕೂಡಲೇ ಅವಳಿಗೆ ನೆನಪಾದದ್ದು ಗಂಗಾಧರನ ಹೊಸ ರೂಟರು. ಒಂದೇ ನೆಟ್ಟನ್ನು ಹಲವು ಕಡೆಗೆ ಹಂಚುವ ಡಬ್ಬಿ ಅದು, ಹೋದ ತಿಂಗಳು ತುಮಕೂರಿನಿಂದ ತಂದಿದ್ದ, ತಲೆಯ ಮೇಲೆ ಕೋಡಿನಂಥ ಎರಡು ಕಡ್ಡಿ ಇದ್ದದ್ದು. ನೇರ ಎದ್ದು ಸ್ಟುಡಿಯೋಗೆ ಹೋದಳು. ಗಂಗಾಧರ್ ಒಂದು ಮದುವೆ ಆಲ್ಬಮ್ಮಿನ ಫೋಟೋಗಳನ್ನು ಜೋಡಿಸುತ್ತಿದ್ದ.

"ನಿನ್ನ ಡಬ್ಬಿ ನಂಬರು ಕೊಡ್ತಾ ಐತೆ ಗಂಗಾಧರ. ಅದ್ರಿಂದ ನನ್ನ ಅಂಗಡಿ ಮುಚ್ಚೋ ಹಂಗಾಗೈತೆ."

"ನಂದು ಕೊಡಲ್ಲ ಕಣಕ್ಕ. ತಂದ ದಿನಾನೇ ಅದನ್ನ ಆಫ್ ಮಾಡಿದೀನಿ. ಮಾರಿದೋನೇ ಹೇಳ್ಕೊಟ್ಟಿದ್ದ."

ವನಜಾ ನಂಬಲಿಲ್ಲ. ಹಾಗಿದ್ದರೆ ತೋರಿಸು ಎಂದು ಕೇಳುವ ತಾಳ್ಮೆಯೂ ಅವಳಿಗಿರಲಿಲ್ಲ. ವಾಪಸ್ಸು ಬಂದು, ಸ್ವಿಚ್ಚಿನಿಂದ ಸ್ಟುಡಿಯೋಗೆ ಹೋಗುವ ವೈರನ್ನು ಕಿತ್ತಳು. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಂಪ್ಯೂಟರುಗಳನ್ನು ಆರಿಸಿ ಹಾಕಿದಳು. ಒಂದೂ ತಪ್ಪದೆ ಎಲ್ಲದರಲ್ಲೂ ನೆಟ್ ಬಂತು. ಇಷ್ಟು ಸಾಕ್ಷಿ ಸಾಲದೇ ಎಂದು ಗೋಡೆಯ ಆಚೆಗೆ ಕೇಳುವ ಹಾಗೆ ಅಂದಳು. ಆ ಸಂಜೆ ಚಹಾ ಸ್ಟುಡಿಯೋಗೆ ಬಂತು, ಈಚೆಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬಳು ವಿದ್ಯಾರ್ಥಿನಿ ಕಂಪ್ಯೂಟರ್ ಹಾಕಿ, ಅಕ್ಕ ನೆಟ್ ಇಲ್ಲ ಎಂದಳು. ವನಜಾ ಸ್ವಿಚ್ಚಿನ ಕಡೆ ನೋಡಿದಳು. ಗಂಗಾಧರನ ವೈರು ನಿನ್ನೆ ಕಿತ್ತ ಹಾಗೆಯೇ ಗಾಳಿಯಲ್ಲಿ ತೂಗುತ್ತಿತ್ತು. ಕಪ್ಪು ಕಿಟಕಿಯಲ್ಲಿ ಮತ್ತೆ ಅದೇ ಸೊನ್ನೆ.

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ತಾನೇ ಹೋಟೆಲಿನಿಂದ ಎರಡು ಲೋಟ ಚಹಾ ತರಿಸಿ, ಎರಡನ್ನೂ ಹಿಡಿದುಕೊಂಡು ಸ್ಟುಡಿಯೋಗೆ ಹೋದಳು. ತನ್ನದೇ ತಪ್ಪು, ನಿನ್ನ ಮಾತು ಕೇಳಬೇಕಿತ್ತು ಎಂದು ಸುತ್ತು ಬಳಸದೆ ಹೇಳಿದಳು. ಗಂಗಾಧರ್ ಲೋಟ ತೆಗೆದುಕೊಂಡು, ನಿನ್ನೆಯಿಂದ ಒಂದು ಫೋಟೋ ಕಳಿಸಲಾಗದೆ ಮದುವೆ ಗಂಡಿನ ಬಾಯಲ್ಲಿ ಬೈಸಿಕೊಂಡಿದ್ದನ್ನು ನಗುತ್ತಲೇ ಹೇಳಿದ. ಚಹಾ ಮುಗಿಯುವ ಹೊತ್ತಿಗೆ ಇಬ್ಬರೂ ಮತ್ತೆ ಅಕ್ಕ ತಮ್ಮ ಆಗಿದ್ದರು. ತನ್ನ ಡಬ್ಬಿಯ ಒಳಪುಟವನ್ನೂ ಅವನು ತೆರೆದು ತೋರಿಸಿದ. ನಂಬರು ಹಂಚುವ ಕಡೆ ಗುರುತು ತೆಗೆದಿತ್ತು.

"ಹಂಗಾದ್ರೆ ಇನ್ನೊಂದು ಡಬ್ಬಿ ಎಲ್ಲೋ ಐತೆ ಕಣಕ್ಕ," ಎಂದ ಅವನು. "ಒಂದೊಂದೇ ವೈರು ಕೀಳೋಣ. ಯಾವ್ದು ಕಿತ್ತಾಗ ಸೊನ್ನೆ ನಂಬರು ನಿಲ್ತದೋ ಅದರ ತುದಿ ಹಿಡ್ಕಂಡು ಹೋಗೋದು."

ಸ್ವಿಚ್ಚು ಇದ್ದದ್ದು ಮೂಲೆಯ ಎತ್ತರದ ಹಲಗೆಯ ಮೇಲೆ, ಗವಾಕ್ಷಿಯ ಕೆಳಗೆ. ವರ್ಷಗಟ್ಟಲೆಯ ಧೂಳು ಹಿಡಿದ ವೈರುಗಳು ಹಳೆಯ ಹಗ್ಗದ ರಾಶಿಯಂತೆ ಹೆಣೆದುಕೊಂಡಿದ್ದವು. ಗಂಗಾಧರ್ ಸ್ಟೂಲು ಹತ್ತಿ ಒಂದೊಂದೇ ವೈರು ಕಿತ್ತು ಹೇಳುವನು. ವನಜಾ ಕೆಳಗೆ ಕೂತು ಕಂಪ್ಯೂಟರಿನ ನಂಬರನ್ನು ಬಿಟ್ಟುಕೊಟ್ಟು ಹೊಸದು ಕೇಳುವಳು. ಸೊನ್ನೆ ಎನ್ನುವಳು. ಅವನು ಆ ವೈರನ್ನು ಮತ್ತೆ ಸಿಕ್ಕಿಸಿ ಮುಂದಿನದಕ್ಕೆ ಹೋಗುವನು. ಅಂಗಡಿಯ ವೈರುಗಳೆಲ್ಲ ಹೀಗೆ ಪರೀಕ್ಷೆ ಪಾಸಾದವು. ಕೊನೆಗೆ ಉಳಿದದ್ದು ಬೂದು ಬಣ್ಣದ್ದು. ಅದು ಯಾವ ಕಂಪ್ಯೂಟರಿಗೂ ಇಳಿದಿರಲಿಲ್ಲ. ಗೋಡೆಗೆ ಅಂಟಿಕೊಂಡು ಮೇಲಕ್ಕೆ ಹೋಗಿ, ಗವಾಕ್ಷಿಯಿಂದ ಹೊರಗೆ ಬಿದ್ದಿತ್ತು. ಇದು ನಿಂದಾ ಎಂದು ಅವನು ಕೇಳಿದ, ನಂದಲ್ಲ ಎಂದಳು ಅವಳು. ಅವನು ಅದನ್ನು ಕಿತ್ತ. ವನಜಾ ನಂಬರು ಕೇಳಿದಳು. ಸೊನ್ನೆ ಹೋಗಿ ಒಂದು ಬಂತು. ಹಿಂದೆಯೇ ನೆಟ್ಟೂ ಬಂತು.

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವಾಗಲೇ ಮೇಲಿನ ಮೆಟ್ಟಿಲಿನಿಂದ ಚಿಕ್ಕಗೌರಮ್ಮನ ಧ್ವನಿ ಕೇಳಿತು.

"ವನಜಾ, ನಿಂದೂ ನೆಟ್ ಹೋಯ್ತೇನೇ?"

ಗಂಗಾಧರ್ ಸ್ಟೂಲಿನ ಮೇಲೆ ನಿಂತಲ್ಲೇ ನಿಂತ. ಮೇಲೆ ಆಕೆಗೆ, ತಾನು ಏನು ಹೇಳಿಬಿಟ್ಟೆ ಎಂಬುದು ಹೊಳೆದಿರಬೇಕು, ಬಾಗಿಲು ಮೆಲ್ಲಗೆ ಹಾಕಿಕೊಂಡ ಸದ್ದು.

ವನಜಾ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಚಿಕ್ಕಗೌರಮ್ಮ ತೆರೆದಳು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಮುಖ. ಹಾಲಿನ ಮೂಲೆಯಲ್ಲಿ, ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ, ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರ ಪಕ್ಕ ಕ್ರೋಶಾ ಹೆಣೆದ ಬಟ್ಟೆ ಹೊದ್ದುಕೊಂಡ ಒಂದು ರೂಟರು, ಹಣೆಗೆ ಕುಂಕುಮ ಇಟ್ಟುಕೊಂಡು, ದೀಪ ಮಿಟುಕಿಸುತ್ತಾ ಕೂತಿತ್ತು.

"ನಿನ್ನ ಗಂಡನ್ನ ಬೈಬ್ಯಾಡ ಕಣೇ," ಎಂದಳು ಚಿಕ್ಕಗೌರಮ್ಮ. "ನಾನೇ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ದೆ."

ಕತೆ ಹೀಗಿತ್ತು. ಒಗ್ಗರಣೆಯ ಮಾತಾಡಿ ನಕ್ಕಿದ್ದ ಚಿಕ್ಕಗೌರಮ್ಮನಿಗೆ ಒಳಗೊಳಗೇ ಆಸೆ ಇತ್ತು. ಆದರೆ ಕಾಲೇಜು ಹುಡುಗಿಯರ ಮಧ್ಯೆ ಕೂತು ಕಲಿಯಲು ನಾಚಿಕೆ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬಿಗುಮಾನ. ಶಿವಣ್ಣನಿಗೆ ಗೊತ್ತಾದರೆ ತಿಂಗಳುಗಟ್ಟಲೆ ಗೇಲಿ ಮಾಡುವನೆಂಬ ಹೆದರಿಕೆ ಬೇರೆ. ತೋಟದ ಕಾಯಿ ತುಂಬಲು ಬರುತ್ತಿದ್ದ ರಂಗನಾಥನ ಹತ್ತಿರ ಗುಟ್ಟಾಗಿ ಹೇಳಿಕೊಂಡಳು. ಅವನು ತುಮಕೂರಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಹಿಡಿದು ತಂದ. ವನಜಾ ಇಲ್ಲದ ಹೊತ್ತಿನಲ್ಲಿ ಕೆಳಗಿನಿಂದ ವೈರು ಎಳೆದಾಗ ಅದು ಮೂಲೆಯವರೆಗೆ ಮುಟ್ಟಲಿಲ್ಲ. ಎರಡು ತುಂಡು ವೈರುಗಳನ್ನು ಸೇರಿಸಲು ನಡುವೆ ಏನಾದರೂ ಬೇಕಿತ್ತು. ಮಾರಿದವನು ಒಂದು ಹಳೆಯ ರೂಟರು ಕೊಟ್ಟು, ಇದರ ಎರಡು ತೂತಿಗೆ ಎರಡು ವೈರು ಸಿಕ್ಕಿಸಿದರೆ ಆಯಿತು ಎಂದ. ಕಂಪ್ಯೂಟರಿಗೆ ಬೇಕಾದ ನಂಬರನ್ನು ಅವನನ್ನೇ ಫೋನಿನಲ್ಲಿ ಕೇಳಿಕೊಂಡು ರಂಗನಾಥ ಕೈಯಾರೆ ಬರೆದ. ಹಾಗಾಗಿ ಚಿಕ್ಕಗೌರಮ್ಮನಿಗೆ ಎಂದೂ ನೆಟ್ ತಪ್ಪಲಿಲ್ಲ. ಬರೀ ವೈರು ಸೇರಿಸಲು ಕೂರಿಸಿದ ಡಬ್ಬಿಗೆ ತನ್ನದೇ ಒಂದು ಬುದ್ಧಿ ಇದೆ, ಅದು ಕೇಳಿದವರಿಗೆಲ್ಲ ನಂಬರು ಹಂಚುತ್ತದೆ ಎಂಬುದು ಅವನಿಗೆ ತಿಳಿಯಲಿಲ್ಲ. ಗಂಡ ತೋಟಕ್ಕೆ ಹೋದ ಮೇಲೆ ಆಕೆ ಕಂಪ್ಯೂಟರನ್ನೂ ಡಬ್ಬಿಯನ್ನೂ ಹಚ್ಚುವಳು, ಆತ ಊಟಕ್ಕೆ ಬರುವ ಮುಂಚೆ ಆರಿಸಿ, ಹೊಲಿಗೆ ಯಂತ್ರವೇ ಇದೆ ಎನ್ನುವ ಹಾಗೆ ಮೇಲೆ ಸೀರೆ ಹೊದಿಸುವಳು. ಕೆಳಗೆ ವನಜಾಳ ಬೆಳಗುಗಳು ಕೆಟ್ಟು ಮಧ್ಯಾಹ್ನಗಳು ಸರಿಹೋಗುತ್ತಿದ್ದುದು ಇದರಿಂದ.

ವನಜಾಳಿಗೆ ಸಿಟ್ಟು ಬರಬೇಕಿತ್ತು. ಆದರೆ ಪರದೆಯ ಮೇಲೆ ನಿಂತುಹೋಗಿದ್ದ ಚಿತ್ರ ನೋಡಿ ಅದು ಬರಲಿಲ್ಲ. ಆಕಾಶದಿಂದ ತೆಗೆದ ನೆಲದ ನಕ್ಷೆ. ಚುಕ್ಕಿ ಚುಕ್ಕಿಯಾಗಿ ತೆಂಗಿನ ತಲೆಗಳು, ನಡುವೆ ಒಂದು ಚೌಕದ ಬಾವಿ.

"ಇದು ಸಂಪಿಗೆ ಊರಿನ ಹತ್ರ ನಮ್ಮಪ್ಪನ ತೋಟ," ಎಂದಳು ಚಿಕ್ಕಗೌರಮ್ಮ, ಬೆರಳು ಮುಟ್ಟಿಸದೆ ತೋರಿಸುತ್ತಾ. "ನಮ್ಮಣ್ಣ ಮಾರಿದ ಮ್ಯಾಲೆ ಆ ಕಡೀಕೆ ಹೋಗೇ ಇಲ್ಲ. ದಿನಾ ಇಲ್ಲಿಂದ ಹೊಂಡ್ತೀನಿ, ರಸ್ತೇಲೇ ಹೋಗ್ತೀನಿ, ಬಾವಿ ತಂಕ. ಇವತ್ತು ಬಾವಿ ತಾವ ಬಂದು ನಿಂತೋಯ್ತು."

ವನಜಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮೌಸ್ ಹಿಡಿಯುವ ರೀತಿಯಲ್ಲಿ ಆಕೆ ಮಾಡುತ್ತಿದ್ದ ಸಣ್ಣ ತಪ್ಪೊಂದನ್ನು ಮೊದಲು ತಿದ್ದಿದಳು. ಆಮೇಲೆ ಕಂಪ್ಯೂಟರಿಗೆ ಆ ಡಬ್ಬಿಗೆ ಹೊಂದುವ ಸೊನ್ನೆಯ ನಂಬರು ಹಾಕಿ, ಡಬ್ಬಿಯ ನಂಬರು ಬರೆದು ಅದರ ಒಳಪುಟ ತೆರೆಯಲು ಹೊರಟಳು. ಅದು ಗುಪ್ತಪದ ಕೇಳಿತು, ಮಾರಿದವನ ಫೋನ್ ಹತ್ತಲಿಲ್ಲ. ಚಿಕ್ಕಗೌರಮ್ಮ ಹೊಲಿಗೆ ಡಬ್ಬದಿಂದ ಸೂಜಿ ತಂದುಕೊಟ್ಟಳು. ರೂಟರಿನ ಬೆನ್ನಿನ ಸಣ್ಣ ತೂತಿಗೆ ಸೂಜಿ ಚುಚ್ಚಿ ಹಿಡಿದಾಗ ಡಬ್ಬಿ ಎಲ್ಲ ಮರೆತು, ಅಂಗಡಿಯಿಂದ ಹೊಸದಾಗಿ ಬಂದ ಹಾಗೆ ಎದ್ದಿತು. ಹೊಸ ಡಬ್ಬಿಗಳ ಮಾಮೂಲಿ ಗುಪ್ತಪದ ಬರೆದು, ಒಳಗೆ ಹೋಗಿ, ನಂಬರು ಹಂಚುವ ಗುರುತು ತೆಗೆದಳು. ಡಬ್ಬಿಗೂ ಮೋಡೆಮ್ಮಿನ ಸಾಲಿನಲ್ಲೇ, ಆದರೆ ಯಾರಿಗೂ ತಾಗದ ಒಂದು ನಂಬರು ಕೊಟ್ಟಳು. ಕಂಪ್ಯೂಟರನ್ನು ಮೊದಲಿನ ನಂಬರಿಗೆ ತಂದಳು. ಗಂಗಾಧರ್ ಕೆಳಗೆ ಬೂದು ವೈರನ್ನು ವಾಪಸ್ಸು ಸಿಕ್ಕಿಸಿ, ತನ್ನದನ್ನೂ ಸಿಕ್ಕಿಸಿದ. ಮಧ್ಯಾಹ್ನದವರೆಗೂ ಅವರು ಕಂಪ್ಯೂಟರುಗಳನ್ನು ಆರಿಸಿ ಹಾಕಿ ಆರಿಸಿ ಹಾಕಿ ನೋಡಿದರು. ಸೊನ್ನೆ ಮತ್ತೆ ಬರಲಿಲ್ಲ.

ಸಡಗರದಲ್ಲಿ ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. ಶಿವಣ್ಣ ಊಟಕ್ಕೆ ಬಂದಾಗ ಕಂಪ್ಯೂಟರ್ ಇನ್ನೂ ಚಾಲೂ ಇತ್ತು. ಚಿಕ್ಕಗೌರಮ್ಮ ಗೇಲಿಗೆ ಸಿದ್ಧಳಾಗಿ ನಿಂತಳು. ಆತ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ನಮ್ಮ ತೋಟ ಎಲ್ಲೈತೆ ತೋರ್ಸು ಎಂದ. ತೋರಿಸಿದಳು. ಪಕ್ಕದವರ ಬೇಲಿ ತನ್ನ ಕಡೆ ಒತ್ತಿದೆ ಎಂದು ಆತ ಶುರುಮಾಡಿದವನು, ಅನ್ನ ಆರಿದರೂ ಏಳಲಿಲ್ಲ.

ಸಂಜೆ ರಂಗನಾಥ ಆಟೋ ನಿಲ್ಲಿಸಿ ಅಂಗಡಿಯೊಳಗೆ ಕಾಲಿಟ್ಟಾಗ ವನಜಾ, ತುಮಕೂರಿನ ಡಬ್ಬಿ ಚೆನ್ನಾಗಿದೆ ಎಂದಷ್ಟೇ ಹೇಳಿದಳು. ಅವನ ಮುಖ ಬಿಳಿಚಿತು. ವೈರು ಸೇರಿಸೋಕೆ ಅಂತ ಇಟ್ಟಿದ್ದು ಕಣೇ, ಅದು ಇಷ್ಟೆಲ್ಲ ಕೆಲಸ ಮಾಡ್ತದೆ ಅಂತ ಯಾರಿಗೆ ಗೊತ್ತಿತ್ತು ಎಂದ. ತಾನು ಇಡೀ ಕಂಪ್ಯೂಟರ್ ಅಳಿಸಿ ತುಂಬಿದ್ದನ್ನೂ, ಗಂಗಾಧರನ ಜೊತೆ ಜಗಳ ಆಡಿದ್ದನ್ನೂ ಅವಳು ಒಂದೊಂದಾಗಿ ಹೇಳಿದಳು. ಅವನು ತಲೆ ಕೆರೆದುಕೊಳ್ಳುತ್ತಾ ಎಲ್ಲವನ್ನೂ ಕೇಳಿ, ಗಂಗಾಧರನ ಹತ್ತಿರ ಹೋಗಿ ತಾನೂ ಕ್ಷಮೆ ಕೇಳಿ ಬಂದ. ಇಷ್ಟು ದಿನ ಹೆಂಡತಿ ಒದ್ದಾಡುವುದನ್ನು ನೋಡಿಯೂ ಮೇಲಿನ ಡಬ್ಬಿಗೂ ಇದಕ್ಕೂ ಸಂಬಂಧ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅದು ನಿಜವೆಂದು ಅವನ ಮುಖವೇ ಹೇಳುತ್ತಿತ್ತು, ವನಜಾ ನಗು ತಡೆಯಲಾಗದೆ ನಕ್ಕಳು.

ಭಾನುವಾರ ಕೆಂಪಕ್ಕ ಬಂದಳು. ವನಜಾ ಬೇಕೆಂದೇ ಕಂಪ್ಯೂಟರನ್ನು ಅವಳ ಮುಂದೆಯೇ ಆರಿಸಿ ಹಾಕಿದಳು. ಪರದೆಯ ಮೇಲೆ ಭಾಗ್ಯ ಬಂದಳು, ಕೂಸು ಬಂತು. ಎರಡು ವಾರದಲ್ಲಿ ಕೂಸು ಮಗ್ಗುಲಾಗುವುದನ್ನು ಕಲಿತಿತ್ತು. ಮೇಜಿನ ಮೇಲೆ ಮಲಗಿಸಿದ ಕೂಡಲೇ ಹೊರಳಿ, ಮೂಗು ಕ್ಯಾಮೆರಾಕ್ಕೆ ತಾಗುವಷ್ಟು ಹತ್ತಿರ ಬಂತು. ಕೆಂಪಕ್ಕ ನೆಟಿಕೆ ಮುರಿದಳು. ಸ್ಟುಡಿಯೋದಿಂದ ಓಡಿಬಂದ ಗಂಗಾಧರ್ ಅಜ್ಜಿ ಮೊಮ್ಮಗ ಎದುರುಬದುರಾಗಿದ್ದ ಆ ನೋಟವನ್ನು ಫೋಟೋ ತೆಗೆದು, ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟ.

ಊರಿನಲ್ಲಿ ಆಮೇಲೆ ಒಂದೊಂದೇ ಡಬ್ಬಿ ಹೆಚ್ಚುತ್ತಾ ಹೋಯಿತು. ಶಾಲೆಯಲ್ಲಿ, ಕೊಬ್ಬರಿ ಮಂಡಿಯಲ್ಲಿ, ಔಷಧಿ ಅಂಗಡಿಯಲ್ಲಿ ನೆಟ್ ಬಂದು ಹೋಗಿ ಮಾಡಿದರೆ ವನಜಾಳಿಗೆ ಕರೆ ಬರುತ್ತಿತ್ತು. ಹೋದವಳು ಮೊದಲು, ಹೊಸದಾಗಿ ಯಾವ ಡಬ್ಬಿ ತಂದಿರಿ ಎಂದು ಕೇಳುವಳು. ಯಾವುದೂ ಇಲ್ಲ ಎಂದರೂ ಒಪ್ಪದೆ ವೈರು ಹಿಡಿದು ನಡೆಯುವಳು. ಆದರೆ ಕಣ್ಣಾರೆ ಕಾಣುವ ತನಕ ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಿವಣ್ಣ ಸಂಪಿಗೆಗೆ ಹೋಗಲು ಬಾಡಿಗೆಗೆ ಕಾರು ಹೇಳಿದ. ಅಂಗಡಿಯನ್ನು ಗಂಗಾಧರನ ಸುಪರ್ದಿಗೆ ಬಿಟ್ಟು ವನಜಾ, ರಂಗನಾಥ ಇಬ್ಬರೂ ಜೊತೆಗೆ ಹೊರಟರು. ಮುಂದಿನ ಸೀಟಿನಲ್ಲಿ ಕೂತ ಚಿಕ್ಕಗೌರಮ್ಮ ಡ್ರೈವರಿಗೆ ಪ್ರತಿ ತಿರುವನ್ನೂ ಮೊದಲೇ ಹೇಳುತ್ತಿದ್ದಳು. ಮುಂದೆ ಕೆರೆ ಬರುತ್ತದೆ, ಅದಾದ ಮೇಲೆ ಎಡಕ್ಕೆ ಎಂದರೆ, ಕೆರೆ ಬಂದೇ ಬರುತ್ತಿತ್ತು. ಸಂಪಿಗೆಯ ದೇವಸ್ಥಾನದಲ್ಲಿ ಕೈಮುಗಿದು ತೋಟಕ್ಕೆ ಹೋದಾಗ ಅದನ್ನು ಕೊಂಡಿದ್ದವರು, ನೀವು ಯಾರು ಏನು ಎಂದು ಕೇಳಿ, ಈ ತೋಟದ ಹೆಣ್ಣುಮಗಳು ಎಂದು ತಿಳಿದ ಕೂಡಲೇ ಎಳನೀರು ಕೆಡವಿಸಿದರು. ಚಿಕ್ಕಗೌರಮ್ಮ ಮಂಡಿನೋವು ಮರೆತು ಬಾವಿಯ ತನಕ ನಡೆದಳು. ಬಾವಿಯ ಪಕ್ಕದಲ್ಲಿ ಒಂದು ಹಲಸಿನ ಮರ ಇತ್ತು. ಕಂಪ್ಯೂಟರಿನಲ್ಲಿ ಮೇಲಿನಿಂದ ನೋಡುವಾಗ ಅದೂ ಬರೀ ಒಂದು ಹಸಿರು ಚುಕ್ಕಿ. ಅದರ ಕೆಳಗಿನ ಕೊಂಬೆಗೆ, ಆಕೆ ಚಿಕ್ಕಂದಿನಲ್ಲಿ ಆಡಿದ ಜೋಕಾಲಿಯ ಹಗ್ಗ ಉಜ್ಜಿ ಆದ ಗಾಯದ ಗುರುತು ಇನ್ನೂ ಇತ್ತು. ಆಕೆ ಅದರ ಮೇಲೆ ಕೈಯಾಡಿಸಿ, ಶಿವಣ್ಣನನ್ನು ಕರೆದು ತೋರಿಸಿದಳು. ಆತ ಎಳನೀರಿನ ಬುರುಡೆ ಹಿಡಿದುಕೊಂಡೇ ಬಂದು, ಕತ್ತೆತ್ತಿ ಹತ್ತಿರದಿಂದ ನೋಡಿದ.